ಫ್ಲೈವ್ಹೀಲ್ ನೋಡದೆ ಗೇರ್‌ಬಾಕ್ಸ್ ಏರಿಸಬೇಡಿ

ಕ್ಲಚ್ ಬದಲಿಸುವ ಕೆಲಸದಲ್ಲಿ ಮೈ ಮುರಿಯುವುದು ಗೇರ್‌ಬಾಕ್ಸ್ ಇಳಿಸುವಾಗ ಮತ್ತು ಅದನ್ನು ತಿರುಗಿ ಏರಿಸುವಾಗ. ಅಷ್ಟೆಲ್ಲ ಮಾಡಿ, ಎಂಜಿನಿನ ಹಿಂತುದಿಯಲ್ಲಿ ಕಣ್ಣೆದುರಿಗೇ ಇರುವ ಭಾರದ ತಟ್ಟೆ ಫ್ಲೈವ್ಹೀಲನ್ನು ಹಳೆಯ ಬನಿಯನ್ನಿನಿಂದ ಒಮ್ಮೆ ಒರಸಿ, ಹೊಸ ಪ್ಲೇಟ್ ಕೂರಿಸಿ ಮುಚ್ಚಿಬಿಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಗೇರ್‌ಬಾಕ್ಸ್ ಕೆಳಗಿರುವಾಗ ಫ್ಲೈವ್ಹೀಲ್ ಬಿಚ್ಚಿ ನೋಡಲು ಬೇಕಾಗುವುದು ಸ್ವಲ್ಪ ಹೊತ್ತು. ಗೇರ್‌ಬಾಕ್ಸ್ ಏರಿದ ಮೇಲೆ ಅದನ್ನೇ ನೋಡಬೇಕೆಂದರೆ ಇಡೀ ಕೆಲಸವನ್ನು ಮೊದಲಿನಿಂದ ಮಾಡಬೇಕು. ಆದ್ದರಿಂದ ಇಲ್ಲಿ ಗೇರ್‌ಬಾಕ್ಸಿನ ಭಾಗವನ್ನು ಬೇಗ ಮುಗಿಸುತ್ತೇನೆ, ಫ್ಲೈವ್ಹೀಲಿನ ಮುಂದೆ ನಿಧಾನವಾಗಿ ಕೂರುತ್ತೇನೆ.

ನನ್ನ ವರ್ಕ್‌ಶಾಪ್ ಇರುವುದು ಕಾಸರಗೋಡು ಜಿಲ್ಲೆಯ ನೀರ್ಚಾಲಿನಲ್ಲಿ, ಕುಂಬಳೆಯಿಂದ ಬದಿಯಡ್ಕಕ್ಕೆ ಹೋಗುವ ದಾರಿಯಲ್ಲಿ. ಕ್ಲಚ್ ದೂರಿನೊಂದಿಗೆ ಬರುವ ಗಾಡಿಗಳಲ್ಲಿ ಎರಡು ಬಗೆ. ಒಂದು, ಎಣ್ಮಕಜೆ, ಬೆಳ್ಳೂರು, ದೇಲಂಪಾಡಿ ಕಡೆಯ ತೋಟದ ಗಾಡಿಗಳು. ಅಡಿಕೆ ಮೂಟೆ, ಗೊಬ್ಬರದ ಚೀಲ ಹೇರಿಕೊಂಡು ಕಡಿದಾದ ಮಣ್ಣಿನ ದಾರಿಯನ್ನು ಅರೆ ಕ್ಲಚ್ಚಿನಲ್ಲೇ ಹತ್ತುವವು. ಇನ್ನೊಂದು, ಉಪ್ಪಳ, ಮಂಜೇಶ್ವರದ ಕಡಲಬದಿಯ ಮನೆಗಳಲ್ಲಿ, ಯಜಮಾನ ಗಲ್ಫಿನಲ್ಲಿರುವಾಗ ಶೆಡ್ಡಿನಲ್ಲೇ ಮಳೆಗಾಲ ಕಳೆಯುವ ಗಾಡಿಗಳು. ಮೊದಲನೆಯವುಗಳ ಫ್ಲೈವ್ಹೀಲ್ ಸುಟ್ಟಿರುತ್ತದೆ, ಎರಡನೆಯವುಗಳದ್ದು ತುಕ್ಕು ಹಿಡಿದಿರುತ್ತದೆ. ಓಡಿಸಿದವರು ಏನು ಹೇಳಿದರೂ ಸರಿ, ಗಾಡಿ ಹೇಗೆ ಓಡಿತ್ತು ಎಂಬುದು ಆ ಬೀಡು ಕಬ್ಬಿಣದ ತಟ್ಟೆಯ ಮೇಲೆ ಬರೆದಿರುತ್ತದೆ.

ವಿವರಣೆಗೆ ಮಾರುತಿ ಓಮ್ನಿಯನ್ನು ಇಟ್ಟುಕೊಳ್ಳುತ್ತೇನೆ. 1984ರಲ್ಲಿ ಮಾರುತಿ ವ್ಯಾನ್ ಎಂಬ ಹೆಸರಿನಲ್ಲಿ ಬಂದ ಈ ಗಾಡಿಯ ತಯಾರಿಕೆ 2019ರಲ್ಲಿ ನಿಂತರೂ ನಮ್ಮ ಊರಿನ ದಾರಿಗಳಲ್ಲಿ ಇನ್ನೂ ನಿಂತಿಲ್ಲ. 796 ಸಿಸಿಯ ಮೂರು ಸಿಲಿಂಡರಿನ ಎಂಜಿನ್ ಮುಂದಿನ ಸೀಟಿನ ಅಡಿಯಲ್ಲಿ ಉದ್ದಕ್ಕೆ ಕುಳಿತಿದೆ, ಅದರ ಹಿಂದೆ ಗೇರ್‌ಬಾಕ್ಸ್, ಅಲ್ಲಿಂದ ಹಿಂದಿನ ಆಕ್ಸಲ್‌ಗೆ ಪ್ರೊಪೆಲ್ಲರ್ ಶಾಫ್ಟ್. ಮನೆಯಂಗಳದಲ್ಲಿ ಕೆಲಸ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಗುರು ಇಲ್ಲ. ಮುಂದಿನ ಚಕ್ರ ಎಳೆಯುವ ಕಾರುಗಳಲ್ಲಿ ಗೇರ್‌ಬಾಕ್ಸ್ ತೆಗೆಯುವ ದಾರಿ ಬೇರೆ. ಆದರೆ ಫ್ಲೈವ್ಹೀಲ್ ಕೈಗೆ ಸಿಕ್ಕ ಮೇಲೆ ಮಾಡಬೇಕಾದದ್ದು ಹೆಚ್ಚು ಕಡಿಮೆ ಇದೇ.

ಫ್ಲೈವ್ಹೀಲಿಗೆ ಮೂರು ಕೆಲಸ. ನಾಲ್ಕು ಸ್ಟ್ರೋಕಿನ ಎಂಜಿನಿನಲ್ಲಿ ಬಲ ಒಂದೇ ಸಮನೆ ಬರುವುದಿಲ್ಲ. ಮೂರು ಸಿಲಿಂಡರ್ ಇದ್ದರೆ ಎಂಜಿನಿನ ಮುಖ್ಯ ಶಾಫ್ಟಾದ ಕ್ರ್ಯಾಂಕ್ 240 ಡಿಗ್ರಿ ತಿರುಗಿದಾಗ ಒಮ್ಮೆ, ನಾಲ್ಕು ಇದ್ದರೆ 180 ಡಿಗ್ರಿಗೊಮ್ಮೆ ಹೊಡೆತ. ಒಂದು ಹೊಡೆತದ ಬಲವನ್ನು ತನ್ನ ತೂಕದಲ್ಲಿ ಹಿಡಿದಿಟ್ಟುಕೊಂಡು ಮುಂದಿನ ಹೊಡೆತದವರೆಗೆ ಎಂಜಿನನ್ನು ತಿರುಗಿಸುವುದು ಮೊದಲ ಕೆಲಸ. ಅಂಚಿನಲ್ಲಿ ಬಿಗಿದಿರುವ ಹಲ್ಲಿನ ಉಂಗುರದ (ರಿಂಗ್ ಗೇರಿನ) ಮೂಲಕ ಸ್ಟಾರ್ಟರ್ ಮೋಟಾರಿಗೆ ಹಿಡಿತ ಕೊಡುವುದು ಎರಡನೆಯದು. ಕ್ಲಚ್ ಪ್ಲೇಟ್ ಒತ್ತಿಕೊಳ್ಳಲು ಸಮತಟ್ಟಾದ ಮುಖ ಒದಗಿಸುವುದು ಮೂರನೆಯದು. ಬರುವ ದೂರುಗಳಲ್ಲಿ ಹೆಚ್ಚಿನವು ಈ ಮೂರನೆಯದರವು.

ಬಿಚ್ಚುವ ಮೊದಲು ಕೇಳಿಸಿಕೊಳ್ಳಿ

ಪೆಡಲ್ ಬಿಡುತ್ತಾ ಹೊರಡುವಾಗ ಗಾಡಿ ಗಡಗಡ ನಡುಗಿದರೆ ಫ್ಲೈವ್ಹೀಲಿನ ಮುಖ ಕೆಟ್ಟಿರಬಹುದು ಅಥವಾ ಪ್ಲೇಟಿಗೆ ಎಣ್ಣೆ ತಗಲಿರಬಹುದು. ಆದರೆ ಎಂಜಿನ್ ಮೌಂಟಿಂಗಿನ ರಬ್ಬರ್ ಹರಿದರೂ ಹೀಗೆಯೇ ನಡುಗುತ್ತದೆ. ಹತ್ತು ನಿಮಿಷದಲ್ಲಿ ನೋಡಬಹುದಾದ ಮೌಂಟಿಂಗನ್ನು ಮೊದಲು ನೋಡಿ. ಸ್ಟಾರ್ಟರ್ ಕೆಲವೊಮ್ಮೆ ಚೆನ್ನಾಗಿ ಹಿಡಿದು, ಕೆಲವೊಮ್ಮೆ ಕರ್ರೆಂದು ಅರಚಿದರೆ ರಿಂಗ್ ಗೇರಿನ ಕೆಲವು ಹಲ್ಲುಗಳು ಸವೆದಿವೆ. ಆಗ ಗಾಡಿಯನ್ನು ಗೇರಿನಲ್ಲಿಟ್ಟು ಒಂದಿಷ್ಟು ಮುಂದಕ್ಕೆ ತಳ್ಳಿ ಮತ್ತೆ ಸ್ಟಾರ್ಟ್ ಮಾಡಿದರೆ ಸರಿಯಾಗಿ ಹಿಡಿಯುತ್ತದೆ. ಎಂಜಿನ್ ಸುಮ್ಮನೆ ಓಡುತ್ತಿರುವಾಗ ಹಿಂಭಾಗದಿಂದ ಟಕ್ ಟಕ್ ಎಂಬ ಭಾರವಾದ ಬಡಿತ ಕೇಳಿದರೆ ಫ್ಲೈವ್ಹೀಲಿನ ಬೋಲ್ಟುಗಳು ಸಡಿಲವಾಗಿರುವ ಸಾಧ್ಯತೆ ಇದೆ. ಅಂಥ ಗಾಡಿಯನ್ನು ನನ್ನಲ್ಲಿಯವರೆಗೂ ಓಡಿಸಿಕೊಂಡು ಬರಬೇಡಿ.

ಶೆಡ್ಡಿನಲ್ಲಿ ಮಲಗಿದ್ದ ಗಾಡಿಯ ಕಥೆ ಬೇರೆ. ಜೂನಿನಿಂದ ಸೆಪ್ಟೆಂಬರಿನವರೆಗೆ ತೇವ ಆರದ ಗಾಳಿಯಲ್ಲಿ ಕ್ಲಚ್ ಪ್ಲೇಟ್ ಫ್ಲೈವ್ಹೀಲಿಗೆ ತುಕ್ಕಿನಿಂದ ಅಂಟಿಕೊಳ್ಳುತ್ತದೆ. ಪೆಡಲ್ ಒತ್ತಿದರೂ ಗೇರ್ ಬೀಳುವುದಿಲ್ಲ. ಗೇರ್‌ಬಾಕ್ಸ್ ಬಿಚ್ಚುವ ಮುನ್ನ ಎಂಜಿನನ್ನು ಚೆನ್ನಾಗಿ ಬಿಸಿ ಮಾಡಿ ನಿಲ್ಲಿಸಿ, ಪೆಡಲನ್ನು ಪೂರ್ತಿ ಒತ್ತಿ ಮರದ ತುಂಡು ಕೊಟ್ಟು ಒಂದು ರಾತ್ರಿ ಬಿಡಿ. ಹಲವು ಸಲ ಬೆಳಿಗ್ಗೆ ಬಿಟ್ಟುಕೊಂಡಿರುತ್ತದೆ. ಹಾಗೆ ಬಿಟ್ಟುಕೊಂಡ ಗಾಡಿ ಕೆಲವು ದಿನ ಓಡಿದ ಮೇಲೂ ನಡುಗುತ್ತಿದ್ದರೆ ಮಾತ್ರ ಬಿಚ್ಚಿ.

ಮುರಕಲ್ಲನ್ನು ನಂಬಬೇಡಿ

ನಮ್ಮ ನಾಡಿನಲ್ಲಿ ಎಲ್ಲಿ ಕೈ ಚಾಚಿದರೂ ಮುರಕಲ್ಲು, ಅಂದರೆ ಜಂಬಿಟ್ಟಿಗೆ, ಸಿಗುತ್ತದೆ. ಮನೆ, ಬಾವಿ, ಕಟ್ಟೆ, ಪಾಗಾರ ಎಲ್ಲವೂ ಅದರದ್ದೇ. ಹೀಗಾಗಿ ಗಾಡಿ ಎತ್ತಿದ ಕೂಡಲೇ ಎರಡು ಮುರಕಲ್ಲು ತಂದು ಅಡಿಗಿಡುವುದು ಅಭ್ಯಾಸವಾಗಿದೆ. ಮಾಡಬೇಡಿ. ಗೋಡೆಯಲ್ಲಿ ಹರಡಿದ ಭಾರವನ್ನು ಅದು ತಲೆಮಾರುಗಟ್ಟಲೆ ಹೊರುತ್ತದೆ, ಚೇಸಿಸಿನ ಒಂದು ಅಂಚು ಒತ್ತಿದಾಗ ಮುನ್ಸೂಚನೆ ಕೊಡದೆ ಪುಡಿಯಾಗುತ್ತದೆ. ಮಳೆ ನೀರು ಕುಡಿದ ಕಲ್ಲಾದರೆ ಇನ್ನೂ ಬೇಗ. ಸರಿಯಾದ ಆಕ್ಸಲ್ ಸ್ಟ್ಯಾಂಡ್ ಬಳಸಿ, ಅದರ ಕಾಲಿನಡಿಗೆ ಹಲಸಿನ ದಪ್ಪ ಹಲಗೆ ಹಾಕಿ. ಅಂಗಳದ ಮಣ್ಣಿನಲ್ಲಿ ಸ್ಟ್ಯಾಂಡಿನ ಕಾಲು ಇಳಿಯದಿರಲು ಅದು ಬೇಕು. ಬರೀ ಜ್ಯಾಕಿನ ಮೇಲೆ ನಿಂತ ಗಾಡಿಯ ಕೆಳಗೆ ತಲೆ ಹಾಕುವವರಿಗೆ ನನ್ನ ವರ್ಕ್‌ಶಾಪಿನಲ್ಲಿ ಜಾಗವಿಲ್ಲ. ಇಳಿಸಿದ ಗೇರ್‌ಬಾಕ್ಸ್ ಕೆಳಗಿನಿಂದ ಹೊರಗೆ ಬರುವಷ್ಟು ಎತ್ತರ ಇದೆಯೇ ಎಂದು ಮೊದಲೇ ಅಳೆದುಕೊಳ್ಳಿ.

ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ. ಪ್ರೊಪೆಲ್ಲರ್ ಶಾಫ್ಟಿನ ಹಿಂದಿನ ಫ್ಲ್ಯಾಂಜ್ ಮೇಲೆ ಪೇಂಟಿನ ಗೆರೆ ಹಾಕಿ ಬಿಚ್ಚಿ, ಮುಂಭಾಗವನ್ನು ಗೇರ್‌ಬಾಕ್ಸಿನಿಂದ ಎಳೆಯಿರಿ. ಬಾಲದಿಂದ ಎಣ್ಣೆ ಸುರಿಯುತ್ತದೆ, ಪ್ಲಾಸ್ಟಿಕ್ ಚೀಲ ಕಟ್ಟಿ. ಕ್ಲಚ್ ಕೇಬಲ್, ಸ್ಪೀಡೋಮೀಟರ್ ಕೇಬಲ್, ಗೇರ್ ಬದಲಿಸುವ ಜೋಡಣೆ, ರಿವರ್ಸ್ ದೀಪದ ತಂತಿ, ಸ್ಟಾರ್ಟರ್ ಒಂದೊಂದಾಗಿ ಕಳಚಿ. ಎಂಜಿನಿನ ಹಿಂಭಾಗಕ್ಕೆ ಬೇರೆ ಜ್ಯಾಕಿನ ಆಸರೆ ಕೊಟ್ಟ ಮೇಲೆಯೇ ಗೇರ್‌ಬಾಕ್ಸನ್ನು ಹೊತ್ತಿರುವ ಅಡ್ಡ ಪಟ್ಟಿಯನ್ನು ಬಿಚ್ಚಬೇಕು. ಗೇರ್‌ಬಾಕ್ಸಿನ ಮುಂಭಾಗದಲ್ಲಿ ಕ್ಲಚ್ಚನ್ನು ಮುಚ್ಚುವ ಕವಚ, ಬೆಲ್ ಹೌಸಿಂಗ್. ಅದರ ಬೋಲ್ಟುಗಳೆಲ್ಲ ಒಂದೇ ಉದ್ದದವಲ್ಲ. ರಟ್ಟಿನ ಮೇಲೆ ಹೌಸಿಂಗಿನ ಆಕಾರ ಬರೆದು, ತೂತು ಮಾಡಿ, ಬೋಲ್ಟನ್ನು ಅದರದರ ಜಾಗದಲ್ಲೇ ಚುಚ್ಚಿಡಿ. ಗೇರ್‌ಬಾಕ್ಸನ್ನು ನೇರವಾಗಿ ಹಿಂದಕ್ಕೆ ಎಳೆದು, ಕ್ಲಚ್ಚಿನಿಂದ ಬಲ ಪಡೆಯುವ ಅದರ ಇನ್‌ಪುಟ್ ಶಾಫ್ಟ್ ಪೂರ್ತಿ ಹೊರಬಂದ ಮೇಲೆಯೇ ತಗ್ಗಿಸಿ.

ಒಳಗೆ ಕಪ್ಪು ಧೂಳು ತುಂಬಿರುತ್ತದೆ. ಹಳೆಯ ಕ್ಲಚ್ ಪ್ಲೇಟುಗಳಲ್ಲಿ ಆಸ್ಬೆಸ್ಟಸ್ ಇರುತ್ತಿತ್ತು, ಎದುರಿಗಿರುವುದು ಯಾವ ಕಾಲದ ಪ್ಲೇಟೆಂದು ನೋಡಿ ಹೇಳಲಾಗದು. ಗಾಳಿಯ ಪೈಪ್ ಹಿಡಿದು ಊದಬೇಡಿ, ಬಾಯಿಂದಲೂ ಊದಬೇಡಿ. ಮಾಸ್ಕ್ ಹಾಕಿ, ಬ್ರೇಕ್ ಕ್ಲೀನರ್ ಸಿಂಪಡಿಸಿ ಒದ್ದೆ ಮಾಡಿ ಒರಸಿ.

ಬಿಚ್ಚುವುದು

ಒರಸುವ ಮುನ್ನ ಎಣ್ಣೆ ಎಲ್ಲಿದೆ ನೋಡಿ. ಇದನ್ನು ಅವಸರದಲ್ಲಿ ಎಲ್ಲರೂ ಅಳಿಸಿಬಿಡುತ್ತಾರೆ. ಫ್ಲೈವ್ಹೀಲಿನ ಹಿಂಬದಿಯಿಂದ ಅಂಚಿನ ಕಡೆಗೆ ಎರಚಿದ ಕಪ್ಪು ಎಣ್ಣೆ ಇದ್ದರೆ ಕ್ರ್ಯಾಂಕಿನ ಹಿಂದೆ ಎಣ್ಣೆ ತಡೆಯುವ ಸೀಲ್ ಹೋಗಿದೆ. ಬೆಲ್ ಹೌಸಿಂಗಿನ ಒಳಗೆ, ಪೆಡಲ್ ಒತ್ತಿದಾಗ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗಿನ ಸುತ್ತ ಗಂಧಕದ ವಾಸನೆಯ ಮಂದ ಎಣ್ಣೆ ಇದ್ದರೆ ಅದು ಗೇರ್‌ಬಾಕ್ಸಿನ ಸೀಲ್. ವಾಸನೆ ನೋಡಿಯೇ ತಿಳಿಯಬಹುದು.

ಕ್ಲಚ್ ಪ್ಲೇಟನ್ನು ಫ್ಲೈವ್ಹೀಲಿಗೆ ಒತ್ತಿ ಹಿಡಿಯುವ ಹಳೆಯ ಪ್ರೆಶರ್ ಪ್ಲೇಟನ್ನೇ ಮತ್ತೆ ಹಾಕುವುದಾದರೆ ಅದಕ್ಕೂ ಫ್ಲೈವ್ಹೀಲಿಗೂ ಸೇರಿಸಿ ಒಂದು ಗುರುತು ಹಾಕಿ. ಬೋಲ್ಟುಗಳನ್ನು ಎದುರುಬದುರಾಗಿ ಅರ್ಧರ್ಧ ಸುತ್ತು ಸಡಿಲಿಸುತ್ತಾ ಬನ್ನಿ, ಒಂದನ್ನೇ ಪೂರ್ತಿ ಬಿಚ್ಚಿದರೆ ಕವರ್ ಬಾಗುತ್ತದೆ.

ಈಗ ಫ್ಲೈವ್ಹೀಲ್ ಮತ್ತು ಕ್ರ್ಯಾಂಕಿನ ಫ್ಲ್ಯಾಂಜ್ ನಡುವೆ ಗುರುತು. ಕೆಲವು ಎಂಜಿನ್‌ಗಳಲ್ಲಿ ಜಾಗ ಗುರುತಿಸುವ ಡೋವೆಲ್ ಪಿನ್ ಇರುತ್ತದೆ, ಕೆಲವುಗಳಲ್ಲಿ ಬೋಲ್ಟಿನ ತೂತುಗಳೇ ಒಂದೇ ರೀತಿಯಲ್ಲಿ ಕೂರುವಂತೆ ಅಸಮ ಅಂತರದಲ್ಲಿರುತ್ತವೆ. ಎರಡೂ ಇಲ್ಲದ ಕಡೆ ನಿಮ್ಮ ಗುರುತೇ ಗತಿ. ಹಳೆಯ ಹಲವು ಎಂಜಿನ್‌ಗಳಲ್ಲಿ ಇಗ್ನಿಷನ್ ಟೈಮಿಂಗಿನ ಗೆರೆ ಫ್ಲೈವ್ಹೀಲಿನ ಮೇಲೆಯೇ ಇದೆ, ಹೊಸ ಕೆಲವುಗಳಲ್ಲಿ ಸೆನ್ಸರ್ ಓದುವ ಹಲ್ಲುಗಳೂ ಅಲ್ಲೇ ಇವೆ. ಒಂದು ತೂತು ಆಚೀಚೆ ಆದರೂ ಟೈಮಿಂಗ್ ಹುಡುಕುತ್ತಾ ಸಂಜೆಯಾಗುತ್ತದೆ. ಗುರುತನ್ನು ಪೇಂಟಿನಿಂದ ಹಾಕಿ. ಚಾಕ್ ಎಣ್ಣೆಗೆ ಅಳಿಸುತ್ತದೆ, ಕ್ಲಚ್ ಒತ್ತುವ ಮುಖದ ಮೇಲೆ ಪಂಚ್ ಹೊಡೆಯುವುದಂತೂ ಬೇಡವೇ ಬೇಡ.

ಬೋಲ್ಟ್ ತಿರುಗಿಸಿದರೆ ಕ್ರ್ಯಾಂಕೂ ತಿರುಗುತ್ತದೆ. ಹಲ್ಲಿಗೆ ಸ್ಕ್ರೂಡ್ರೈವರ್ ಸಿಕ್ಕಿಸಿ ಅಲ್ಯುಮಿನಿಯಂ ಭಾಗಕ್ಕೆ ಒತ್ತು ಕೊಟ್ಟರೆ ಆ ಭಾಗ ಮುರಿಯುತ್ತದೆ. ಒಂದು ಗೇಣುದ್ದದ ಕಬ್ಬಿಣದ ಪಟ್ಟಿ ತೆಗೆದುಕೊಳ್ಳಿ. ಒಂದು ತುದಿಗೆ ತೂತು ಹಾಕಿ ಗೇರ್‌ಬಾಕ್ಸ್ ಬೋಲ್ಟಿನ ಖಾಲಿ ತೂತಿಗೆ ಬಿಗಿಯಿರಿ, ಇನ್ನೊಂದು ತುದಿಯನ್ನು ಅರದಿಂದ ಉಜ್ಜಿ ರಿಂಗ್ ಗೇರಿನ ಎರಡು ಹಲ್ಲುಗಳ ನಡುವೆ ಕೂರುವಂತೆ ಮಾಡಿ. ಒಮ್ಮೆ ಮಾಡಿಟ್ಟರೆ ಬಿಚ್ಚುವುದಕ್ಕೂ ಬಿಗಿಯುವುದಕ್ಕೂ ಅದೇ ಸಾಕು.

ಬೋಲ್ಟುಗಳು ಗಟ್ಟಿಯಾಗಿರುತ್ತವೆ. ಆರು ಮೂಲೆಯ, ಮೂಲೆ ಸವೆಯದ ಸಾಕೆಟ್ ಬಳಸಿ. ಮೇಲಿನ ಎರಡು ಬೋಲ್ಟುಗಳ ಜಾಗಕ್ಕೆ ಅದೇ ಅಳತೆಯ, ತಲೆ ಕತ್ತರಿಸಿದ ಉದ್ದ ಬೋಲ್ಟುಗಳನ್ನು ಕೈಯಲ್ಲಿ ತಿರುಗಿಸಿ ಕೂರಿಸಿದರೆ ಫ್ಲೈವ್ಹೀಲ್ ಅದರ ಮೇಲೆ ಜಾರಿ ಬರುತ್ತದೆ, ಎದೆಯ ಮೇಲೆ ಬೀಳುವುದಿಲ್ಲ. ಅಂಟಿಕೊಂಡಿದ್ದರೆ ಮರದ ಸುತ್ತಿಗೆಯಿಂದ ಅಂಚಿಗೆ ಸುತ್ತಲೂ ತಟ್ಟಿ. ಓಮ್ನಿಯದನ್ನು ಒಬ್ಬರು ಹಿಡಿಯಬಹುದು. ಡೀಸೆಲ್ ಜೀಪಿನದಾದರೆ ಕೆಳಗೆ ಇನ್ನೊಬ್ಬರ ಕೈ ಇರಲಿ, ಮತ್ತು ನಿಮ್ಮ ಕಾಲಿಗೆ ಚಪ್ಪಲಿಯ ಬದಲು ಬೂಟು ಇರಲಿ.

ಓದುವುದು

ಫ್ಲೈವ್ಹೀಲನ್ನು ಹಗಲು ಬೆಳಕಿಗೆ ತನ್ನಿ. ಟ್ಯೂಬ್‌ಲೈಟಿನಲ್ಲಿ ಬಣ್ಣ ಮೋಸ ಮಾಡುತ್ತದೆ.

ಮುಖವೆಲ್ಲ ಒಂದೇ ತರಹ ಬೂದು, ಉಗುರಿಗೆ ಗೆರೆ ಸಿಗದಷ್ಟು ನಯವಾಗಿದ್ದರೆ ಅದೃಷ್ಟ. 120ರ ಎಮರಿ ಕಾಗದದಿಂದ ವೃತ್ತಾಕಾರವಾಗಿಯೂ ಅಡ್ಡವಾಗಿಯೂ ಉಜ್ಜಿ ಹೊಳಪು ತೆಗೆದರೆ ಮುಗಿಯಿತು. ವೃತ್ತಾಕಾರದ ಆಳ ಗೆರೆಗಳಿದ್ದರೆ ಹಿಂದಿನ ಪ್ಲೇಟಿನ ರಿವೆಟ್ ತಾಗಿದೆ ಎಂದರ್ಥ. ಹಳೆಯ ಪ್ಲೇಟ್ ತೆಗೆದು ರಿವೆಟ್ ಎಷ್ಟು ಒಳಗಿದೆ ಎಂದು ವರ್ನಿಯರಿನಲ್ಲಿ ಅಳೆದರೆ ಖಚಿತವಾಗುತ್ತದೆ. ಅರ್ಧ ಮಿಲಿಮೀಟರಿಗಿಂತ ಕಡಿಮೆ ಉಳಿದಿದ್ದರೆ ಆ ಪ್ಲೇಟಿನ ಆಯುಸ್ಸು ಮುಗಿದಿದೆ.

ತೋಟದ ಗಾಡಿಗಳಲ್ಲಿ ಕಾಣುವುದು ನೀಲಿ, ಕಪ್ಪು ಮಚ್ಚೆಗಳು. ಅರೆ ಕ್ಲಚ್ಚಿನಲ್ಲಿ ಗಾಡಿಯನ್ನು ಏರಿನಲ್ಲಿ ಹಿಡಿದು ನಿಲ್ಲಿಸಿದಾಗ ಮುಖದ ಕೆಲವು ಜಾಗ ಮಾತ್ರ ವಿಪರೀತ ಕಾದು, ಸುತ್ತಲಿನ ತಣ್ಣಗಿನ ಕಬ್ಬಿಣ ಆ ಶಾಖವನ್ನು ಬೇಗ ಎಳೆದುಕೊಂಡು, ಆ ಜಾಗದ ಕಬ್ಬಿಣ ಗಡಸಾಗುತ್ತದೆ. ಅರ ಹಿಡಿದು ಉಜ್ಜಿದರೆ ಸುತ್ತಲಿನ ಕಬ್ಬಿಣ ಕಚ್ಚುತ್ತದೆ, ಮಚ್ಚೆಯ ಮೇಲೆ ಅರ ಜಾರುತ್ತದೆ. ಗಡಸಾದ ಜಾಗ ಸವೆಯುವುದಿಲ್ಲ, ಸುತ್ತಲಿನದು ಸವೆಯುತ್ತದೆ, ಹೀಗೆ ಮುಖದ ಮೇಲೆ ಉಬ್ಬುಗಳೇಳುತ್ತವೆ. ಹೊರಡುವಾಗ ಬರುವ ನಡುಕದ ಮೂಲ ಅದು. ಬರೀ ಬಣ್ಣ ಮಾತ್ರ ಇದ್ದು ಅರ ಕಚ್ಚಿದರೆ ಚಿಂತೆಯಿಲ್ಲ.

ಕೂದಲೆಳೆಯಂಥ ಸಣ್ಣ ಬಿರುಕುಗಳ ಬಲೆ ಕಂಡರೆ ಅದು ಶಾಖದ್ದೇ. ಮೇಲ್ಪದರದಲ್ಲಷ್ಟೇ ಇದ್ದರೆ ಲೇತಿನಲ್ಲಿ ಹೋಗುತ್ತದೆ. ಆದರೆ ಬೋಲ್ಟಿನ ತೂತಿನ ಕಡೆಗೆ ಓಡುವ, ಅಥವಾ ತೂತಿನಿಂದ ಹೊರಟ ಬಿರುಕು ಒಂದೇ ಒಂದು ಇದ್ದರೂ ಆ ಫ್ಲೈವ್ಹೀಲ್ ಗುಜರಿಗೆ ಹೋಗಬೇಕು. ಅದಕ್ಕೆ ವೆಲ್ಡಿಂಗ್ ಮಾಡಿಕೊಡುತ್ತೇನೆ ಎನ್ನುವವರಿಂದ ದೂರವಿರಿ. ನಿಮಿಷಕ್ಕೆ ನಾಲ್ಕೈದು ಸಾವಿರ ಸುತ್ತು ತಿರುಗುವ ಬೀಡು ಕಬ್ಬಿಣ ಒಡೆದರೆ ಚೂರುಗಳು ಬೆಲ್ ಹೌಸಿಂಗನ್ನೂ ಸೀಳಿ ಬರುತ್ತವೆ. ಓಮ್ನಿಯಲ್ಲಿ ಅದು ಕುಳಿತವರ ಕಾಲಿನಿಂದ ದೂರವೇನಲ್ಲ.

ಬಿರುಕಿದೆಯೋ ಗೆರೆಯೋ ಎಂಬ ಅನುಮಾನವಿದ್ದರೆ ಸೀಮೆ ಎಣ್ಣೆ ಹಚ್ಚಿ ಸ್ವಲ್ಪ ಹೊತ್ತು ಬಿಡಿ. ಚೆನ್ನಾಗಿ ಒರಸಿ, ಚಾಕ್ ಪುಡಿ ಉದುರಿಸಿ. ಬಿರುಕಿನೊಳಗೆ ಇಳಿದ ಎಣ್ಣೆ ಮೇಲೆ ಬಂದು ಬಿಳಿಯ ಮೇಲೆ ಒದ್ದೆ ಗೆರೆ ಮೂಡಿಸುತ್ತದೆ. ಇನ್ನೊಂದು ಪರೀಕ್ಷೆ ಕಿವಿಯದು. ಹಗ್ಗದಲ್ಲಿ ತೂಗುಹಾಕಿ ಸಣ್ಣ ಸುತ್ತಿಗೆಯಿಂದ ತಟ್ಟಿದರೆ ಒಳ್ಳೆಯ ಫ್ಲೈವ್ಹೀಲ್ ದೇವಸ್ಥಾನದ ಗಂಟೆಯಂತೆ ಉದ್ದಕ್ಕೆ ಮೊಳಗುತ್ತದೆ, ಬಿರುಕಿದ್ದದ್ದು ಡಬ್ ಎಂದು ಸುಮ್ಮನಾಗುತ್ತದೆ. ರಿಂಗ್ ಗೇರ್ ಸಡಿಲವಾಗಿದ್ದರೂ ಸ್ವರ ಒಡೆಯುತ್ತದೆ, ಆದ್ದರಿಂದ ಕಿವಿಯೊಂದನ್ನೇ ನಂಬಬೇಡಿ, ಎರಡನ್ನೂ ಮಾಡಿ.

ಮುಖದ ಮೇಲೆ ಸ್ಟೀಲ್ ಅಳತೆಪಟ್ಟಿಯನ್ನು ನಿಲ್ಲಿಸಿ ಹಿಂದಿನಿಂದ ಬೆಳಕು ಹಾಯಿಸಿ. ನಡುವೆ ಅಥವಾ ಅಂಚಿನಲ್ಲಿ ಬೆಳಕು ನುಸುಳಿದರೆ ಫೀಲರ್ ಗೇಜ್ (ದಪ್ಪ ಗೊತ್ತಿರುವ ತೆಳು ತಗಡು) ತೂರಿಸಿ ಎಷ್ಟೆಂದು ಅಳೆಯಿರಿ. ಸುಟ್ಟ ಫ್ಲೈವ್ಹೀಲ್ ತಟ್ಟೆಯ ಹಾಗೆ ಒಳಕ್ಕೆ ಬಾಗಿರುವುದು ಇಲ್ಲಿ ಗೊತ್ತಾಗುತ್ತದೆ.

ಇನ್ನು ಹಲ್ಲುಗಳು. ಎಂಜಿನ್ ನಿಲ್ಲುವಾಗ ಯಾವುದಾದರೊಂದು ಸಿಲಿಂಡರಿನ ಕಂಪ್ರೆಷನ್ನಿಗೆ ಎದುರಾಗಿ ನಿಲ್ಲುತ್ತದೆ. ಆದ್ದರಿಂದ ಓಮ್ನಿಯಂಥ ಮೂರು ಸಿಲಿಂಡರಿನಲ್ಲಿ ಸವೆತ 120 ಡಿಗ್ರಿ ಅಂತರದ ಮೂರು ಜಾಗಗಳಲ್ಲಿ, ನಾಲ್ಕು ಸಿಲಿಂಡರಿನಲ್ಲಿ ಎದುರುಬದುರು ಎರಡು ಜಾಗಗಳಲ್ಲಿ ಕಾಣುತ್ತದೆ. ಬೇರೆಲ್ಲೋ ಒಂದೇ ಜಾಗದಲ್ಲಿ ಹಲ್ಲು ಮುರಿದಿದ್ದರೆ ಅದು ಸವೆತವಲ್ಲ, ಪೆಟ್ಟು. ಸ್ಟಾರ್ಟರಿನ ಚಿಕ್ಕ ಗೇರನ್ನೂ ಜೊತೆಗೇ ನೋಡಿ, ಕೆಟ್ಟ ಚಿಕ್ಕ ಗೇರು ಹೊಸ ಉಂಗುರವನ್ನೂ ಬೇಗ ತಿನ್ನುತ್ತದೆ.

ಬೇಕರಿಯಲ್ಲಿ ಉಂಗುರ

ರಿಂಗ್ ಗೇರ್ ಬೋಲ್ಟಿನಿಂದಲ್ಲ, ಬಿಗಿತದಿಂದ ನಿಂತಿರುತ್ತದೆ. ಬಿಸಿ ಮಾಡಿದಾಗ ಹಿಗ್ಗಿ ಕೂರುತ್ತದೆ, ತಣಿದಾಗ ಕುಗ್ಗಿ ಹಿಡಿಯುತ್ತದೆ. ಹಳೆಯದನ್ನು ತೆಗೆಯಲು ಎರಡು ಹಲ್ಲುಗಳ ನಡುವೆ ಫ್ಲೈವ್ಹೀಲಿಗೆ ತಾಗದಷ್ಟು ಆಳಕ್ಕೆ ಡ್ರಿಲ್ ಮಾಡಿ, ಅಲ್ಲಿಗೆ ಉಳಿಯಿಟ್ಟು ಹೊಡೆಯಿರಿ. ಸಿಡಿಯುತ್ತದೆ, ಕನ್ನಡಕ ಕಡ್ಡಾಯ.

ಹೊಸದನ್ನು ಸುಮಾರು 200ರಿಂದ 230 ಡಿಗ್ರಿ ಸೆಲ್ಸಿಯಸ್ಸಿಗೆ ಬಿಸಿ ಮಾಡಬೇಕು. ಗ್ಯಾಸ್ ಜ್ವಾಲೆಯಲ್ಲಿ ಒಂದೇ ಕಡೆ ಹಿಡಿದರೆ ಆ ಭಾಗದ ಹಲ್ಲುಗಳ ಗಡಸುತನ ಹೋಗುತ್ತದೆ. ಉಕ್ಕು ಒಣಹುಲ್ಲಿನ ತಿಳಿ ಹಳದಿಗೆ ತಿರುಗಿದರೆ ಸಾಕು, ನೀಲಿಗೆ ತಿರುಗಿದರೆ ಹೆಚ್ಚಾಯಿತು. ನನ್ನ ಉಪಾಯ ಹತ್ತಿರದ ಬೇಕರಿ. ಬ್ರೆಡ್ ಹೊರಬಂದ ಮೇಲೆ ಅದರ ಒಲೆ ಸರಿಯಾಗಿ ಈ ಶಾಖದಲ್ಲೇ ಇರುತ್ತದೆ, ಉಂಗುರ ಸುತ್ತಲೂ ಸಮನಾಗಿ ಕಾಯುತ್ತದೆ. ಎಣ್ಣೆಯ ಪಸೆ ಪೂರ್ತಿ ತೊಳೆದು ಒಯ್ದರೆ ಬೇಕರಿಯವರು ಬೇಡವೆನ್ನುವುದಿಲ್ಲ. ಬೇಕರಿ ದೂರವಿದ್ದರೆ ಗ್ಯಾಸ್ ಜ್ವಾಲೆಯನ್ನು ನಿಲ್ಲಿಸದೆ ಸುತ್ತಿಸುತ್ತಾ, ರೇಡಿಯೋ ರಿಪೇರಿಯವರ ಸೋಲ್ಡರ್ ಕಡ್ಡಿಯನ್ನು ನಾಲ್ಕಾರು ಕಡೆ ತಾಗಿಸಿ. ಅರವತ್ತು ಪಾಲು ತವರ, ನಲವತ್ತು ಪಾಲು ಸೀಸದ ಸೋಲ್ಡರ್ 190 ಡಿಗ್ರಿಯ ಹೊತ್ತಿಗೆ ಕರಗುತ್ತದೆ. ಎಲ್ಲ ಕಡೆ ಕರಗಿದರೆ ಇನ್ನು ಸ್ವಲ್ಪ ಕಾಯಿಸಿ ಇಳಿಸಿ.

ಫ್ಲೈವ್ಹೀಲನ್ನು ನೆರಳಿನಲ್ಲಿ ಸಮತಟ್ಟಾಗಿ ಇಟ್ಟಿರಬೇಕು, ಇಕ್ಕಳ ಕೈಯಲ್ಲಿರಬೇಕು. ಹಲ್ಲಿನ ಓರೆ ಕೊರೆದ ಬದಿ ಸ್ಟಾರ್ಟರ್ ಗೇರು ಬರುವ ಕಡೆಗಿರಲಿ. ಉಂಗುರ ತಾನಾಗಿಯೇ ಬೀಳಬೇಕು, ಎಲ್ಲಾದರೂ ಎದ್ದಿದ್ದರೆ ಹಿತ್ತಾಳೆಯ ತುಂಡಿಟ್ಟು ಕೂಡಲೇ ತಟ್ಟಿ. ಬಳಿಕ ನೀರು ಎರಚಬೇಡಿ, ತನ್ನಷ್ಟಕ್ಕೆ ತಣಿಯಲಿ.

ಲೇತಿನವರಿಗೆ ಏನು ಹೇಳಬೇಕು

ಬರೀ "ಮುಖ ಹೊಡೆದುಕೊಡಿ" ಎಂದರೆ ಮುಖ ಹೊಳೆಯುತ್ತದೆ, ಆದರೆ ಕ್ರ್ಯಾಂಕಿಗೆ ಕೂರುವ ಹಿಂಬದಿಗೆ ಸಮಾಂತರವಾಗಿರುವುದಿಲ್ಲ. ಹಿಂಬದಿಯ ಕೂರುವ ಭಾಗವನ್ನು ಆಧಾರವಾಗಿ ಹಿಡಿದು, ಓಲಾಟವನ್ನು ಮುಳ್ಳಿನಲ್ಲಿ ತೋರಿಸುವ ಡಯಲ್ ಗೇಜ್ ಇಟ್ಟು ನೋಡಿ, ಆಮೇಲೆ ಕತ್ತರಿಸಿ ಎಂದು ಹೇಳಿ. ಗಡಸು ಮಚ್ಚೆಗಳಿದ್ದರೆ ಲೇತಿನ ಉಳಿ ಅವುಗಳ ಮೇಲೆ ಹಾರಿ ಉಬ್ಬು ಹಾಗೇ ಉಳಿಯುತ್ತದೆ, ಆಗ ಗ್ರೈಂಡಿಂಗ್ ಮಾಡುವವರೇ ಬೇಕು. ಆ ಸೌಕರ್ಯ ಹತ್ತಿರದಲ್ಲಿ ಸಿಗದಿದ್ದರೆ ಮಂಗಳೂರಿಗೆ ಕಳುಹಿಸಿ. ತೆಗೆಯುವುದು ಕಡಿಮೆಯಾದಷ್ಟೂ ಒಳ್ಳೆಯದು. ಅರ್ಧ ಮಿಲಿಮೀಟರಿನಲ್ಲಿ ಮುಖ ಶುದ್ಧವಾಗದಿದ್ದರೆ ಹೊಸ ಫ್ಲೈವ್ಹೀಲಿನ ಬೆಲೆ ವಿಚಾರಿಸುವುದು ಲೇಸು. ಪ್ರೆಶರ್ ಪ್ಲೇಟ್ ಕೂರುವ ಅಂಚು ಮುಖಕ್ಕಿಂತ ಎತ್ತರದಲ್ಲಿದ್ದರೆ ಮುಖದಿಂದ ತೆಗೆದಷ್ಟೇ ಅದರಿಂದಲೂ ತೆಗೆಯಬೇಕು, ಇಲ್ಲದಿದ್ದರೆ ಒತ್ತಡ ಕಡಿಮೆಯಾಗಿ ಹೊಸ ಕ್ಲಚ್ಚೂ ಜಾರುತ್ತದೆ.

ಇತ್ತೀಚಿನ ಹಲವು ಡೀಸೆಲ್ ಕಾರುಗಳಲ್ಲಿ ಎರಡು ತುಂಡಿನ, ನಡುವೆ ಸ್ಪ್ರಿಂಗ್ ಇರುವ ಡ್ಯುಯಲ್ ಮಾಸ್ ಫ್ಲೈವ್ಹೀಲ್ ಇದೆ. ಅದನ್ನು ಲೇತಿಗೆ ಒಯ್ಯಬೇಡಿ. ಎರಡು ತುಂಡುಗಳ ನಡುವಿನ ತಿರುಗಾಟ, ಓಲಾಟ ಕಂಪನಿ ಕೊಟ್ಟ ಮಿತಿಯೊಳಗಿದೆಯೇ ನೋಡಿ, ಗ್ರೀಸ್ ಹೊರಚೆಲ್ಲಿದೆಯೇ ನೋಡಿ. ಮಿತಿ ಮೀರಿದ್ದರೆ ಬದಲಿಸುವುದೊಂದೇ ದಾರಿ.

ಮುಚ್ಚುವ ಮೊದಲು ಎರಡು ಸಣ್ಣ ಸಾಮಾನು

ಕ್ರ್ಯಾಂಕಿನ ಹಿಂದಿನ ಸೀಲ್ ಒದ್ದೆಯಾಗಿದ್ದರೆ ಈಗಲೇ ಬದಲಿಸಿ. ಹಳೆಯದನ್ನು ಕೀಳುವಾಗ ಕ್ರ್ಯಾಂಕಿನ ಮೈಗೆ ಗೀರು ಬೀಳದಿರಲಿ. ಹೊಸದರ ತುಟಿಗೆ ಎಣ್ಣೆ ಸವರಿ, ಸುತ್ತಲೂ ಸಮನಾಗಿ ತಟ್ಟಿ ಕೂರಿಸಬೇಕು. ಇದಕ್ಕೆ ಅಡಿಕೆ ತೋಟದ ಸ್ಪ್ರಿಂಕ್ಲರ್ ಪೈಪಿನ ಪಿವಿಸಿ ಜೋಡುತುಂಡುಗಳಷ್ಟು ಒಳ್ಳೆಯ ಉಪಕರಣ ಇನ್ನೊಂದಿಲ್ಲ. ಸೀಲಿನ ಹೊರ ಅಂಚಿಗೆ ಸರಿಹೊಂದುವುದನ್ನು ಆಯ್ದುಕೊಳ್ಳಿ. ನಮ್ಮಲ್ಲಿ ಯಾವ ಮನೆಯ ಹಿತ್ತಿಲಲ್ಲೂ ಎಲ್ಲ ಅಳತೆಯವೂ ಬಿದ್ದಿರುತ್ತವೆ.

ಇನ್‌ಪುಟ್ ಶಾಫ್ಟಿನ ತುದಿ ಕೂರುವ ಪೈಲಟ್ ಬೇರಿಂಗ್ ಕೆಲವು ಗಾಡಿಗಳಲ್ಲಿ ಕ್ರ್ಯಾಂಕಿನ ತುದಿಯಲ್ಲಿ, ಕೆಲವುಗಳಲ್ಲಿ ಫ್ಲೈವ್ಹೀಲಿನ ನಡುವೆ ಇರುತ್ತದೆ. ಬೆರಳು ಹಾಕಿ ತಿರುಗಿಸಿ. ಒರಟಾಗಿದ್ದರೆ, ಸದ್ದು ಮಾಡಿದರೆ ಬದಲಿಸಿ.

ಮತ್ತೆ ಕೂರಿಸುವುದು

ಫ್ಲ್ಯಾಂಜ್ ಮತ್ತು ಫ್ಲೈವ್ಹೀಲಿನ ಹಿಂಬದಿ ಎರಡೂ ಕನ್ನಡಿಯಷ್ಟು ಶುದ್ಧವಿರಲಿ. ಒಂದು ಕಣ ತುಕ್ಕು ಇಲ್ಲಿ ಸಿಕ್ಕಿಕೊಂಡರೆ ಅಂಚಿನಲ್ಲಿ ಅದು ಹಲವು ಪಟ್ಟು ದೊಡ್ಡ ಓಲಾಟವಾಗುತ್ತದೆ. ಬೋಲ್ಟಿನ ತೂತು ಎಂಜಿನಿನ ಒಳಕ್ಕೆ ತೆರೆದಿದ್ದರೆ ಮರೆಗೆ, ಅಂದರೆ ಬೋಲ್ಟಿನ ಸುರುಳಿ ಗೀರಿಗೆ, ಸೀಲಂಟ್ ಬೇಕು, ಇಲ್ಲದಿದ್ದರೆ ಎಣ್ಣೆ ಮರೆಯ ಮೂಲಕವೇ ನುಸುಳಿ ನೀವು ಹೊಸ ಸೀಲನ್ನು ಬಯ್ಯುತ್ತೀರಿ. ಹಿಗ್ಗುವ ತನಕ ಬಿಗಿದು ಕೋನದಲ್ಲಿ ಮುಗಿಸುವ ಬಗೆಯ ಬೋಲ್ಟುಗಳು ಒಂದೇ ಬಳಕೆಗೆ. ಉಳಿದವನ್ನೂ ಮರೆ ಎಳೆದಿದ್ದರೆ, ತಲೆ ಸವೆದಿದ್ದರೆ ಬದಲಿಸಿ.

ಬಿಗಿತದ ಅಂಕಿಯನ್ನು ನಿಮ್ಮ ಎಂಜಿನಿನ ಮ್ಯಾನುಯೆಲ್ ನೋಡಿಯೇ ತೆಗೆದುಕೊಳ್ಳಿ. ಸಣ್ಣ ಪೆಟ್ರೋಲ್ ಎಂಜಿನಿಗೂ ಡೀಸೆಲ್ ಜೀಪಿಗೂ ಇಲ್ಲಿ ಎರಡು ಪಟ್ಟಿಗಿಂತ ಹೆಚ್ಚಿನ ವ್ಯತ್ಯಾಸ ಇರಬಹುದು. ಹಳೆಯ ಪುಸ್ತಕಗಳಲ್ಲಿ ಅಂಕಿ ಕಿಲೋಗ್ರಾಂ ಮೀಟರಿನಲ್ಲಿ ಇರುತ್ತದೆ, ಇಂದಿನ ಟಾರ್ಕ್ ರೆಂಚ್ ನ್ಯೂಟನ್ ಮೀಟರಿನಲ್ಲಿ. ಒಂದು ಕಿಲೋಗ್ರಾಂ ಮೀಟರ್ ಎಂದರೆ 9.8 ನ್ಯೂಟನ್ ಮೀಟರ್. ಗುರುತು ಹೊಂದಿಸಿ, ಎಲ್ಲ ಬೋಲ್ಟುಗಳನ್ನು ಕೈಯಲ್ಲಿ ತಿರುಗಿಸಿ, ಎದುರುಬದುರಾಗಿ ಮೂರು ಹಂತದಲ್ಲಿ ಬಿಗಿಯಿರಿ. ಅಂದಾಜಿನಲ್ಲಿ ಬಿಗಿಯುವ ತೋಳು ನನಗೂ ಇದೆ, ಆದರೂ ಇಲ್ಲಿ ರೆಂಚೇ ಹಿಡಿಯುತ್ತೇನೆ.

ಬಿಗಿದ ಮೇಲೆ ಡಯಲ್ ಗೇಜ್. ಅಯಸ್ಕಾಂತದ ಕಾಲನ್ನು ಕಬ್ಬಿಣದ ಬ್ಲಾಕಿನ ಮೇಲೆ ಊರಿ, ಮುಳ್ಳನ್ನು ಮುಖದ ಹೊರ ಅಂಚಿನ ಹತ್ತಿರ ತಾಗಿಸಿ. ಮೊದಲು ಫ್ಲೈವ್ಹೀಲನ್ನು ಒಳಕ್ಕೂ ಹೊರಕ್ಕೂ ಎಳೆದು ಕ್ರ್ಯಾಂಕಿನ ಉದ್ದದ ಸಡಿಲು ಎಷ್ಟೆಂದು ನೋಡಿಕೊಳ್ಳಿ. ಸಾಮಾನ್ಯವಾಗಿ 0.1ರಿಂದ 0.3 ಮಿಲಿಮೀಟರಿನೊಳಗೆ ಇರುತ್ತದೆ. ಅದಕ್ಕಿಂತ ಬಹಳ ಹೆಚ್ಚಿದ್ದರೆ ತೊಂದರೆ ಫ್ಲೈವ್ಹೀಲಿನದ್ದಲ್ಲ, ಕ್ರ್ಯಾಂಕಿನ ಥ್ರಸ್ಟ್ ಬೇರಿಂಗಿನದ್ದು. ನಂತರ ಫ್ಲೈವ್ಹೀಲನ್ನು ಒಂದೇ ಕಡೆಗೆ ಒತ್ತಿ ಹಿಡಿದುಕೊಂಡೇ ಒಂದು ಪೂರ್ತಿ ಸುತ್ತು ತಿರುಗಿಸಿ. ಒತ್ತಿ ಹಿಡಿಯದಿದ್ದರೆ ಆ ಸಡಿಲೂ ಓಲಾಟದ ಲೆಕ್ಕಕ್ಕೆ ಸೇರಿ, ಒಳ್ಳೆಯ ಫ್ಲೈವ್ಹೀಲಿಗೆ ಕೆಟ್ಟ ಹೆಸರು ಬರುತ್ತದೆ. ಸುಜುಕಿ ಎಂಜಿನ್‌ಗಳಿಗೆ ಮಿತಿ 0.2 ಮಿಲಿಮೀಟರ್. ಮೀರಿದರೆ ಬಿಚ್ಚಿ, ಕೂರುವ ಜಾಗ ಮತ್ತೆ ಒರಸಿ, ಗಂಟು ಎದ್ದಿದ್ದರೆ ಅರದಿಂದ ತೆಗೆದು ಮತ್ತೆ ಕೂರಿಸಿ.

ಮುಖವನ್ನು ಥಿನ್ನರ್ ಅಥವಾ ಬ್ರೇಕ್ ಕ್ಲೀನರಿನಿಂದ, ಬಟ್ಟೆಗೆ ಕಪ್ಪು ಹತ್ತದ ತನಕ ಒರಸಿ. ಹೊಸ ಫ್ಲೈವ್ಹೀಲಿಗೂ ಇದು ಬೇಕು, ತುಕ್ಕು ಹಿಡಿಯದಂತೆ ಹಚ್ಚಿದ ಎಣ್ಣೆ ಅದರ ಮೇಲಿರುತ್ತದೆ. ಕ್ಲಚ್ ಪ್ಲೇಟನ್ನು ಮೊದಲು ಇನ್‌ಪುಟ್ ಶಾಫ್ಟಿನ ಮೇಲೆ ಹಾಕಿ ಸಲೀಸಾಗಿ ಜಾರುತ್ತದೆಯೇ ನೋಡಿ, ಶಾಫ್ಟಿನ ಉದ್ದುದ್ದ ಹಲ್ಲುಗಳಾದ ಸ್ಪ್ಲೈನಿಗೆ ತೆಳುವಾಗಿ ಗ್ರೀಸ್ ಸವರಿ, ಹೆಚ್ಚಾದದ್ದನ್ನು ಒರಸಿಬಿಡಿ. ಫ್ಲೈವ್ಹೀಲಿನ ಕಡೆ ಯಾವುದೆಂದು ಪ್ಲೇಟಿನ ಮೇಲೆ ಅಚ್ಚಾಗಿರುತ್ತದೆ. ನಡುವೆ ಸರಿಹೊಂದಿಸಲು ಗುಜರಿಯಲ್ಲಿ ಸಿಗುವ ಹಳೆಯ ಇನ್‌ಪುಟ್ ಶಾಫ್ಟ್‌ಗಿಂತ ಒಳ್ಳೆಯ ಸಾಧನವಿಲ್ಲ. ಕವರಿನ 8 ಮಿಲಿಮೀಟರ್ ಬೋಲ್ಟುಗಳಿಗೆ ಸಾಮಾನ್ಯವಾಗಿ 20ರಿಂದ 25 ನ್ಯೂಟನ್ ಮೀಟರ್, ಇಲ್ಲೂ ಎದುರುಬದುರು.

ಗೇರ್‌ಬಾಕ್ಸ್ ಏರಿಸುವಾಗ ಅದರ ಭಾರ ಪ್ಲೇಟಿನ ನಡುವಿನ ಹಬ್ಬಿನ ಮೇಲೆ ಒಂದು ಕ್ಷಣವೂ ತೂಗಬಾರದು. ಜ್ಯಾಕಿನಲ್ಲಿ ಎತ್ತರ ಸರಿಪಡಿಸಿ, ಬಾಲದ ಕಡೆಯಿಂದ ಶಾಫ್ಟನ್ನು ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ತಳ್ಳಿ. ಹೌಸಿಂಗ್ ಕೈಯ ಬಲದಲ್ಲೇ ಬ್ಲಾಕಿಗೆ ಮುಟ್ಟಬೇಕು. ಬೆರಳಗಲದ ಸಂದು ಉಳಿದಾಗ ಬೋಲ್ಟ್ ಹಾಕಿ ಎಳೆಯುವ ಆಸೆ ಎಲ್ಲರಿಗೂ ಬರುತ್ತದೆ. ಹಾಗೆ ಎಳೆದರೆ ಹಬ್ಬು ಬಾಗುತ್ತದೆ ಅಥವಾ ಹೌಸಿಂಗಿನ ಕಿವಿ ಮುರಿಯುತ್ತದೆ. ಹಿಂದಕ್ಕೆ ಎಳೆದು ಮತ್ತೆ ಹೊಂದಿಸಿ.

ಕೇಬಲ್ ಜೋಡಿಸಿ, ಪೆಡಲಿನಲ್ಲಿ ಎರಡು ಸೆಂಟಿಮೀಟರಿನ ಆಸುಪಾಸು ಸಡಿಲು ಬಿಡಿ. ಗೇರ್ ಎಣ್ಣೆ ತುಂಬಿಸಿ, ಬ್ಯಾಟರಿ ಜೋಡಿಸಿ. ಮೊದಲ ಸಲ ಸ್ಟಾರ್ಟ್ ಮಾಡುವಾಗ ಯಾರೂ ಗಾಡಿಯ ಕೆಳಗಿರಬಾರದು. ಸ್ಟಾರ್ಟರಿನ ಸದ್ದು ಕೇಳಿಸಿಕೊಳ್ಳಿ, ಪೆಡಲ್ ಒತ್ತಿ ಮೂರೆಣಿಸಿ ರಿವರ್ಸ್ ಹಾಕಿ ನೋಡಿ, ಕರಕರ ಎನ್ನಬಾರದು. ನಾನು ಖಾಲಿ ಗಾಡಿಯನ್ನು ಸೀತಾಂಗೋಳಿಯವರೆಗೆ ಒಯ್ದು ತರುತ್ತೇನೆ. ಪೊಸಡಿಗುಂಪೆಯ ಏರಿಗೆ ಮೊದಲ ದಿನವೇ ಹೋಗುವುದಿಲ್ಲ. ಹೊಸ ಪ್ಲೇಟ್ ಹೊಸ ಮುಖಕ್ಕೆ ಹೊಂದಿಕೊಳ್ಳಲು ನಾಲ್ಕೈದು ನೂರು ಕಿಲೋಮೀಟರ್ ಸಾಧಾರಣ ಓಟ ಬೇಕು, ಅಲ್ಲಿಯವರೆಗೆ ಅಡಿಕೆ ಮೂಟೆ ಬೇರೆ ಗಾಡಿಯಲ್ಲಿ ಹೋಗಲಿ. ಆಮೇಲೆ ಒಮ್ಮೆ ಪೆಡಲಿನ ಸಡಿಲನ್ನು ಮತ್ತೆ ಅಳೆದು ಕೇಬಲ್ ಸರಿಪಡಿಸಿ, ಬೆಲ್ ಹೌಸಿಂಗಿನ ಕೆಳಗೆ ಎಣ್ಣೆಯ ಹನಿ ಇದೆಯೇ ಎಂದು ಬೆರಳಿನಿಂದ ಮುಟ್ಟಿ ನೋಡಿ.